ಗೋಡೆಯಂಚಿನ ಸಾಲು

ಫೇಬಿ ಆ್ಯಸಿಡ್ ಬಾಟಲಿ ಹಿಡಿದು ಬಂದ ದಿನವೇ, ನೆಲ ಉಜ್ಜಿ ಹೊಳಪು ಕೊಡಲು ಬಂದಿದ್ದ ಹನುಮೇಶನಿಂದ ಬೈಸಿಕೊಂಡಿದ್ದಳು.

“ಅಯ್ಯ, ಅದನ್ನ ಸುರುವಿದ್ರ ನೆಲದ ಹೂವೆಲ್ಲಾ ಸುಟ್ಟ ಹೋಗತಾವ್ರಿ! ಹಳೀ ಟೈಲ್ಸ್ ಇವು.”

“ಮತ್ತ ಲಗೂ ಮುಗಸ್ರಲಾ. ಮದುವಿ ಹತ್ರ ಬಂತು.”

“ಯಾರದ್ದು?”

“ನಂದ.”

ಹನುಮೇಶ ತಲೆಯೆತ್ತಿ ನೋಡಿದ. ಹಾಳಾದ್ದು, ಆ ನೋಟ ಅವಳನ್ನು ಆಮೇಲೆ ಬಿಡಲೇ ಇಲ್ಲ.

ಧಾರವಾಡದ ಆ ಹಳೆಯ ಬಂಗಲೆಯಲ್ಲಿ ಕೆಲಸ ಮುಗಿಯುವ ಲಕ್ಷಣವೇ ಕಾಣಲಿಲ್ಲ.

“ಇಲ್ಲೊಂದು ಕಲಿ ಉಳದೈತಿ ನೋಡ್ರಿ.”

“ಅದು ಈಗ ನೀವ ಚೆಲ್ಲಿದ್ದ ಚಹಾ!”

“ಹೌದೇನು? ಗೊತ್ತ ಆಗಲಿಲ್ಲ,” ಎಂದು ನಗು ನುಂಗುತ್ತಿದ್ದಳು ಫೇಬಿ.

ವರ ಆಶೀಷ್‌ನನ್ನು ಗೊತ್ತು ಮಾಡಿದವರು ಅವಳನ್ನು ಸಾಕಿದ ಎಡಿತ್ ಅತ್ತೆ. ಚರ್ಚಿನಲ್ಲಿ ಮೂರು ಭಾನುವಾರ ಓದಬೇಕಾದ ಮದುವೆಯ ಪ್ರಕಟಣೆ ಎರಡು ಸಲ ಓದಿಯಾಗಿತ್ತು. ಆಕ್ಷೇಪಣೆ ಇದ್ದವರು ತಿಳಿಸಬೇಕೆಂದು ಪಾದ್ರಿಗಳು ಹೇಳಿದಾಗಲೆಲ್ಲ ಅವಳು ಬಾಗಿಲ ಕಡೆ ನೋಡಿದ್ದಳು.

ಶನಿವಾರ ಸಂಜೆ ಹನುಮೇಶ ಹಾಲಿನ ನೆಲಕ್ಕೆ ಅಗಸೆ ಎಣ್ಣೆ ಹಚ್ಚುತ್ತ ಹಿಂದೆ ಹಿಂದೆ ಸರಿದು ತಲಬಾಗಿಲಲ್ಲಿ ನಿಂತ. ಫೇಬಿ ಈಚೆ ತನ್ನ ಕೋಣೆಯ ಬಾಗಿಲಲ್ಲಿದ್ದಳು. ಹಿತ್ತಲ ತುಂಬ ಬೆಳ್ಳುಳ್ಳಿ ಸುಲಿಯುವ ನೆಂಟರು. ಅತ್ತ ಹೋಗುವ ಹಾಗಿರಲಿಲ್ಲ.

“ನಾಳಿ ಕಡೀ ಸಲ ಓದತಾರ,” ಎಂದಳು.

“ಗೊತ್ತೈತ್ರಿ. ಹೊರಗ ಬೈಕ್ ಐತಿ. ಬರ್ತೀರೇನು?”

ಫೇಬಿಗೆ ಓಡಿಹೋಗಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ಬೇರೆ. “ನಡುವ ಎಣ್ಣಿ ಹಚ್ಚಿ ಕರೀತೀರಲ್ಲ! ಆರೂತನಕಾ ಕಾಲಿಡಬ್ಯಾಡ್ರಿ ಅಂದವ್ರ ನೀವು.”

ಹನುಮೇಶ ಗೋಡೆಯ ಕಡೆ ನೋಡಿ, ಮತ್ತೆ ಅವಳನ್ನು ನೋಡಿದ. “ಮನಸ್ಸಿದ್ರ ಮಾರ್ಗ ಅಂತಾರ್ರಿ.”

ಅವಳಿಗೆ ಚುರ್ ಎಂದಿತು. “ಹಂಗಾರ ನನಗ ಮನಸ್ಸಿಲ್ಲಂತ ತಿಳೀರಿ!”

ಕದ ಹಾಕಿಕೊಂಡಳು. ಇನ್ನೊಮ್ಮೆ ಕರೆದರೆ ಎಣ್ಣೆಯನ್ನೇ ತುಳಿದು ಹೋಗುವುದೆಂದು ಕಾದಳು. ಬೈಕಿನ ಸದ್ದು ಕೇಳಿಸಿ ದೂರವಾಯಿತು.

ಮರುದಿನ ಚರ್ಚಿನಲ್ಲಿ ಯಾರೂ ಬಾಯಿ ತೆರೆಯಲಿಲ್ಲ, ಅವಳೂ ಕೂಡ.

ಸೋಮವಾರ ಬೆಳಿಗ್ಗೆ, ಎಣ್ಣೆ ಆರಿ ಹೂಗಳೆಲ್ಲ ಹೊಳೆಯುತ್ತಿದ್ದಾಗ, ಎಡಿತ್ ಅತ್ತೆ ಕೂಗಿದರು.

“ಫೇಬಿ, ನೋಡ ಬಾ ಆ ಕೆಲಸಗಳ್ಳನ್ನ! ಗೋಡಿ ಗುಂಟ ಒಂದ ಸಾಲಿಗೆ ಎಣ್ಣೀನ ಮುಟ್ಟಿಸಿಲ್ಲ!”

ಅವಳ ಕೋಣೆಯಿಂದ ತಲಬಾಗಿಲ ತನಕ ಟೈಲ್ಸಿನ ಒಂದು ಸಾಲು ಒಣಗಿ ಮಂಕಾಗಿ ಉಳಿದಿತ್ತು. ಒಬ್ಬರು ನಡೆದು ಬರುವಷ್ಟು ಅಗಲ. ಶನಿವಾರದ ಮಬ್ಬಿನಲ್ಲಿ, ಆ ಸಿಟ್ಟಿನಲ್ಲಿ, ಅವಳು ಆ ಕಡೆ ಕಣ್ಣು ಹಾಯಿಸಿಯೇ ಇರಲಿಲ್ಲ. ಅಯ್ಯೋ, ಅವನು ನೋಡಿ ತೋರಿಸಿದ್ದನಲ್ಲ!

ಹೊರಗೆ ಹಂದರ ಹಾಕುತ್ತಿದ್ದರು.

“ಬೈಬ್ಯಾಡ್ರಿ ಅತ್ತಿ,” ಎಂದಳು ಫೇಬಿ. “ಉಳದದ್ದು ನಾನ ಹಚ್ಚತೇನಿ.”

ತಲಬಾಗಿಲ ಹತ್ತಿರ ಮೊಣಕಾಲೂರಿ ಅರಿವೆಯನ್ನು ಎಣ್ಣೆಯಲ್ಲಿ ಅದ್ದಿದಳು. ಒಂದೊಂದೇ ಟೈಲ್ಸ್ ಒರೆಸುತ್ತ, ಹಿಂದೆ ಹಿಂದೆ ಸರಿಯುತ್ತ, ತನ್ನ ಕೋಣೆಯೊಳಗೆ ಹೋದಳು.