ಸಿಮೆಂಟಿನ ಕೋಣೆ

ಅಡುಗೆಮನೆಯನ್ನು ನಾಲ್ಕು ಅಡಿ ಹಿಗ್ಗಿಸಿದ್ದೇ ವೀರಪ್ಪನ ತಪ್ಪಾಯಿತು. ಪುರಸಭೆಯವರು ಮನೆ ತೆರಿಗೆಯನ್ನೂ ಹಿಗ್ಗಿಸಿಬಿಟ್ಟರು. ಇಟ್ಟಂಗಿ ನನ್ನದು, ಬೆವರು ನನ್ನದು, ಇವರ ಗಂಟೇನು ಹೋಯಿತು ಎಂದು ಅವನ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ನೋಟಿಸಿನ ಹಿಂಬದಿಯ ಸಣ್ಣಕ್ಷರ ಕಣ್ಣಿಗೆ ಬಿತ್ತು: ದುರಸ್ತಿಗೆಂದು ಖಾಲಿ ಬಿಟ್ಟ ಮನೆಗೆ ಅರ್ಧ ತೆರಿಗೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ದಂಡ, ಜೊತೆಗೆ ಪುರಸಭೆಯ ಬಾಗಿಲಿಗೆ ಹೆಸರು ಅಂಟಿಸುತ್ತಾರೆ.

ದಂಡಕ್ಕೆ ಅವನು ಹೆದರಲಿಲ್ಲ, ಹೆಸರಿಗೆ ಹೆದರಿದ. ಗೋಕಾಕ–ಹುಕ್ಕೇರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು ಅವನು. ಟಿಕೆಟ್ ಇಲ್ಲದವರನ್ನು, ಹೆಂಡತಿಯ ಅಕ್ಕನ ಗಂಡನನ್ನೂ ಬಿಡದೆ, ನಡುದಾರಿಯಲ್ಲಿ ಇಳಿಸಿದ್ದ. ಅಂಥವನ ಹೆಸರು ಅಲ್ಲಿ ಅಂಟಿದರೆ ಓದಲಿಕ್ಕೆಂದೇ ಜನ ಬಸ್ಸು ಹತ್ತಿ ಬರುತ್ತಾರೆ. ಆದರೆ ಅಷ್ಟು ಕಳ್ಳರನ್ನು ಹಿಡಿದವನಿಗೆ ಕಳ್ಳತನ ಹೇಳಿಕೊಡಬೇಕೆ? ಅವರೆಲ್ಲ ಅವಸರ ಮಾಡಿ ಕೆಟ್ಟವರು. ಅವನಿಗೆ ಅವಸರವಿರಲಿಲ್ಲ.

ಅರ್ಧ ತೆರಿಗೆಗೆ ಅರ್ಜಿ ಕೊಟ್ಟು ಬಂದು, ಪಡಸಾಲೆ ಗೋಡೆಯ ಗಿಲಾವನ್ನು ತಾನೇ ಅಲ್ಲಲ್ಲಿ ಕೆತ್ತಿದ. ಅಂಗಳಕ್ಕೆ ಉಸುಕು ಹಾಕಿಸಿದ. ಒಲೆ ತೊಳೆದು ಮೇಲೆ ಧೂಳು ಉದುರಿಸಿದ. ಪಕ್ಕದ ದನದ ಕೊಟ್ಟಿಗೆಯಿಂದ ಜೇಡರ ಬಲೆಯೊಂದನ್ನು ಕೋಲಿಗೆ ಸುತ್ತಿ ತಂದು ಮೂಲೆಗೆ ಹಚ್ಚಿದಾಗ ತನ್ನ ಬುದ್ಧಿಗೆ ತಾನೇ ಬೆರಗಾದ. ಹಾಸಿಗೆ, ಪಾತ್ರೆಗಳೆಲ್ಲ ಹಿಂದಿನ ಕೋಣೆ ಸೇರಿದವು. ಹೊರಗುಳಿದವಳು ಹೆಂಡತಿ ಚನ್ನವ್ವ ಒಬ್ಬಳೇ.

“ಒಂದ ದಿನ ಮಮದಾಪುರಕ್ಕ, ನಿಮ್ಮ ಅಕ್ಕನ ಮನಿಗೆ ಹೋಗಿ ಬಾ.”

“ಆಕಿ ಗಂಡನ್ನ ಬಸ್ಸಿಂದ ಇಳಿಸಿದವರ ಯಾರ್ರಿ? ಯಾವ ಮಕಾ ಹೊತ್ತು ಹೋಗ್ಲಿ?”

ಹಾಗಾಗಿ ಅವಳೂ ಪಾತ್ರೆಗಳ ಜೊತೆ ಒಳಗಿರುವುದು, ಹೊರಗಿನಿಂದ ಕೀಲಿ ಹಾಕುವುದು ಎಂದಾಯಿತು.

“ಒಳಗ ಸಿಮೆಂಟ್ ಐತಿ ಅಂತೇನಿ. ಕೆಮ್ಮ ಬಂದ್ರ ಸೆರಗ ಬಾಯಾಗ ತುರುಕ್ಕೋ.”

“ಬಸವಣ್ಣನ ಆಣಿ, ಪಿಟ್ಟ ಅನ್ನಂಗಿಲ್ಲ.”

ಮನೆ ಖಾಲಿ ಇದೆಯೇ ಎಂದು ನೋಡಲು ಮಂಗಳವಾರ ಬರುತ್ತೇನೆಂದಿದ್ದ ಪುರಸಭೆಯ ಬಿಲ್ ಕಲೆಕ್ಟರ್ ಭೀಮೇಶ ಗುರುವಾರ ಬೆಳಿಗ್ಗೆ ಬಂದ. ಆ ಎರಡು ದಿನದಲ್ಲಿ ವೀರಪ್ಪ ಇನ್ನೊಂದು ಬಲೆ ಹಚ್ಚಿದ್ದ. ಭೀಮೇಶ ಒಲೆ ಮುಟ್ಟಿದ, ಮೂಲೆ ನೋಡಿದ, ಕೀಲಿ ಹಾಕಿದ ಬಾಗಿಲ ಮುಂದೆ ನಿಂತ.

“ಇದ್ರಾಗ ಏನೈತ್ರಿ ಕಾಕಾ?”

“ಸಿಮೆಂಟ್ ಚೀಲ. ಥಂಡಿ ಗಾಳಿ ಬಡದ್ರ ಗಟ್ಟಿ ಆಗ್ತಾವು.”

“ಖರೆ ಐತ್ರಿ,” ಎಂದು ಭೀಮೇಶ ಕಾಗದ ತೆಗೆದ. ಒಳಗಿನಿಂದ ಉಸಿರಿನ ಸದ್ದೂ ಇಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ವೀರಪ್ಪನಿಗೆ ಹೆಂಡತಿಯ ಮೇಲೆ ಹೆಮ್ಮೆ ಉಕ್ಕಿ ಬಂತು.

ಗೋಡೆ, ಒಲೆ, ಜೇಡ, ಕೆಮ್ಮು, ಎಲ್ಲವನ್ನೂ ಅವನು ಯೋಚಿಸಿದ್ದ. ಯಾವ ವಾರ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಆ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ, ಗುರುವಾರ, ಅದೂ ಅರ್ಧ ತಾಸು. ಭೀಮೇಶ ಸಹಿಗೆ ಪೆನ್ನು ಊರುವಷ್ಟರಲ್ಲಿ ಹಿತ್ತಲಲ್ಲಿ ನಳ ಗೊರಗೊರ ಎಂದಿತು, ಸಿಮೆಂಟಿನ ಕೋಣೆಯ ಬಾಗಿಲು ಒಳಗಿನಿಂದ ದಬದಬ ಬಡಿಯತೊಡಗಿತು: “ಏನ್ರೀ, ನಳಾ ಬಂತು! ಕೊಡಾ ಎಲ್ಲಾ ಇಲ್ಲೇ ಅದಾವು, ಲಗೂನ ಕೀಲಿ ತಗೀರಿ!”