ಸೀಸದ ಬಾಗಿಲಿನ ಒಳಮೈ

ಜೀವಂತ ಕೋಶದ ಒಳಗನ್ನು ತೋರಿಸುವ ಎಕ್ಸ್‌ರೇ ಸೂಕ್ಷ್ಮದರ್ಶಕದ ಕೋಣೆಗೆ ನಾನೇ ಕಾವಲು. ಕಿರಣ ಬಿಡುವ ಮುನ್ನ ಒಳಗೆ ಯಾರೂ ಇಲ್ಲವೆಂದು ನೋಡಿ, ಸೀಸದ ಬಾಗಿಲು ಮುಚ್ಚಿ, ಎರಡು ಸಲ ತಟ್ಟುತ್ತೇನೆ.

ಅಂದು ಒಳಗಿದ್ದದ್ದು ತೀರಿಹೋದ ನನ್ನ ಹೆಂಡತಿಯ ಕೋಶಗಳು. ಬಟ್ಟಲಲ್ಲಿ ಇನ್ನೂ ಜೀವ ಹಿಡಿದಿದ್ದವು. ಅವಳ ಕಾಯಿಲೆಯೇ ಮಗಳಿಗೂ ಬಂದಿತ್ತು. ಮದ್ದು ಹುಡುಕಲು ಆ ಕೋಶಗಳ ಚಿತ್ರ ಬೇಕಿತ್ತು; ಕಿರಣ ಬಿದ್ದರೆ ಅವು ಉಳಿಯುವುದಿಲ್ಲ.

ತಟ್ಟಿದೆ. ಬಚ್ಚಲಿನಿಂದ ಟವೆಲ್ ಕೇಳುವಾಗ ಹೆಂಡತಿ ತಟ್ಟುತ್ತಿದ್ದಂತೆ ಒಳಗಿನಿಂದ ಮೂರು ಸಲ ಸದ್ದಾಯಿತು. ತೆರೆದರೆ ಯಾರೂ ಇಲ್ಲ. ತಣ್ಣಗಿರಬೇಕಾದ ಕೋಣೆ ಬೆಚ್ಚಗಿತ್ತು. ಮುಚ್ಚಿದೆ. ಮತ್ತೆ ಮೂರು.

"ಎಷ್ಟ್ ಸಲ ನೋಡ್ತೀರಾ ತಾತ? ಒಳಗೇನು ಸಂಸಾರ ಹೂಡಿದೀರಾ? ಯಾರೂ ಇಲ್ಲ ತಾನೆ?" ಡಾಕ್ಟರಮ್ಮ ಕೇಳಿದರು.

"ಯಾರೂ ಇಲ್ಲ ತಾಯಿ. ಕಿರಣ ಬಿಡಿ," ಎಂದೆ. ಮಗಳು ಬದುಕಬೇಕಿತ್ತು.

ಚಿತ್ರ ಸಿಕ್ಕಿತು. ಕೋಶಗಳು ಸತ್ತವು. ಮಗಳು ಬದುಕಿದ್ದಾಳೆ. ಬಾಗಿಲಿನ ಒಳಮೈ ಮೇಲೆ ಒದ್ದೆ ಬೆರಳಿನ ಮೂರು ಗುರುತುಗಳಿವೆ. ಎರಡು ವರ್ಷದಿಂದ ದಿನವೂ ಒರೆಸುತ್ತೇನೆ, ಒಣಗಿಲ್ಲ.