ಮೇಲಿನ ರೂಮು, ಕೆಳಗಿನ ರೂಮು

ಬಾಗಿಲು ತೆಗೆದ ತಕ್ಷಣ ಕೇಳಿಬಿಟ್ಟೆ, "ನಿಮ್ಮ ರೂಮಿನ ಒಂದು ಫೋಟೋ ಬೇಕಿತ್ತು."

ಕೆಳಗಿನ ಮನೆಯ ಡ್ರೈವರ್ ತಬ್ಬಿಬ್ಬಾದ. ಆಗಷ್ಟೇ ಬಸ್ ಡ್ಯೂಟಿ ಮುಗಿಸಿ ಬಂದಿದ್ದ. ಅಂಗಿಯ ತೋಳಿನ ಹೊಲಿಗೆ ಬಿಟ್ಟಿತ್ತು. ಟೈಲರ್ ಕಣ್ಣು ನನ್ನದು, ಎಷ್ಟು ಸುಸ್ತಾದರೂ ಸುಮ್ಮನಿರಲ್ಲ.

ಬೆಳಗಿನಿಂದ ಹೊಲಿದು ಸೊಂಟ ಬಿದ್ದುಹೋಗಿತ್ತು. ಜೊತೆಗೆ ಸಿಟ್ಟು. ಮೆಷಿನ್ ಸದ್ದಿಗೆ ಕೆಳಗಿನವರಿಗೆ ತೊಂದರೆ ಆಗ್ತಿದೆ, ತಿಂಗಳ ಕೊನೆಗೆ ಖಾಲಿ ಮಾಡಮ್ಮ ಅಂತ ಓನರ್ ಹೇಳಿಹೋಗಿದ್ದ. ಮತ್ತೆ ಗಂಟುಮೂಟೆ ಕಟ್ಟು, ಮತ್ತೆ ಮನೆ ಹುಡುಕು. ನೆನೆಸಿಕೊಂಡರೇ ಸಾಕಪ್ಪಾ ಅನ್ನಿಸುತ್ತಿತ್ತು. ಕೆಳಗಿನವರು ಅಂದರೆ ಇವನೇ, ಇನ್ಯಾರು?

"ಫೋಟೋ ಕ್ಲಾಸಿನ ಹೋಂವರ್ಕ್," ಅಂದೆ. "ಬಟ್ಟೆ ಬಿಟ್ಟು ಬೇರೇನಾದ್ರೂ ನೋಡು ಅಂತ ನಮ್ಮಕ್ಕ ಬಲವಂತವಾಗಿ ಸೇರಿಸಿದಾಳೆ. ನಮ್ಮ ರೂಮು ಒಂದು, ಪರಿಚಯ ಇಲ್ಲದ ರೂಮು ಒಂದು. ಎರಡರಲ್ಲೂ ಒಂದೇ ಜಾಗದಲ್ಲಿ ನಿಂತು ತೆಗೀಬೇಕು."

"ರೂಮು ಗಲೀಜಾಗಿದೆ."

"ನಂದೇನು ಅರಮನೆಯಾ?"

ನಕ್ಕುಬಿಟ್ಟ. ನಗಬಾರದಿತ್ತು, ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಅದೇ ಕಿಟಕಿ, ಅದೇ ಗೂಡು. ಆದರೆ ನನ್ನ ರೂಮಲ್ಲಿ ಬಟ್ಟೆ ಚೂರುಗಳ ಮಧ್ಯೆ ಕಾಲಿಡೋಕೆ ಜಾಗ ಇಲ್ಲ. ಇಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಅಯ್ಯೋ ಪಾಪ ಅನ್ನಿಸಿತು.

ಫೋನಲ್ಲಿ ಕ್ಲಿಕ್ ಮಾಡಿ, ಮೊದಲೇ ತೆಗೆದಿದ್ದ ನನ್ನ ರೂಮಿನ ಫೋಟೋ ಪಕ್ಕ ಇಟ್ಟು ನೋಡಿದೆ. ಮೇಲೆ ಕಿಟಕಿ ಹತ್ತಿರ ನನ್ನ ಮೆಷಿನ್. ಕೆಳಗೆ ಸರಿಯಾಗಿ ಅದೇ ಜಾಗದಲ್ಲಿ ಇವನ ಮಂಚ. ಆಚೆ ಗೋಡೆ ಹತ್ತಿರ ನೆಲದ ಮೇಲೆ ಮಂಚದ ಕಾಲಿನ ಹಳೇ ಗುರುತುಗಳು.

"ಏನ್ರೀ ಇದು? ಸದ್ದು ಅಂತ ಕಂಪ್ಲೇಂಟ್ ಮಾಡಿ, ಮಂಚನ ಮೆಷಿನ್ ಕೆಳಗೇ ಎಳ್ಕೊಂಡು ಬಂದಿದೀರಾ?"

ಅವನ ಕಿವಿ ಕೆಂಪಾಯಿತು. "ನಾನು ಕಂಪ್ಲೇಂಟ್ ಮಾಡಿಲ್ಲ. ಸದ್ದು ಬರುತ್ತಾ ಅಂತ ಓನರ್ ಕೇಳಿದ್ರು. ಬರುತ್ತೆ ಅಂದೆ. ಇಷ್ಟ ಅಂತ ಹೇಳೋಕೆ ನಾಚಿಕೆ ಆಯ್ತು."

"ಇಷ್ಟನಾ?"

"ಅಮ್ಮ ಹೋದ್ಮೇಲೆ ಮನೆ ಬಿಕೋ ಅಂತಿತ್ತು. ನೀವು ಹೊಲೀತಿದ್ರೆ ಯಾರೋ ಇದಾರೆ ಅನ್ಸುತ್ತೆ, ನಿದ್ದೆ ಬರುತ್ತೆ. ನಿಲ್ಲಿಸಿದ್ರೆ, ಊಟ ಮಾಡಿದ್ರೋ ಇಲ್ವೋ ಅಂತ ಯೋಚನೆ."

ಊಟ ಆಯ್ತಾ ಅಂತ ನನ್ನನ್ನು ಯಾರೂ ಕೇಳದೆ ಎಷ್ಟು ಕಾಲವಾಗಿತ್ತೋ.

"ಈಗೇನು ಮಾಡೋದು? ಓನರ್ ಖಾಲಿ ಮಾಡು ಅಂದಾಯ್ತು."

ಅವನು ನೆಲ ನೋಡುತ್ತಾ ಹೇಳಿದ, "ಈ ಮನೆ ಕೆಳಗೆ ಯಾರೂ ಇಲ್ಲ. ಮೆಷಿನ್ ಇಲ್ಲೇ ಇಳಿಸಿದ್ರೆ ಯಾರಿಗೂ ತೊಂದರೆ ಇಲ್ಲ."

"ಮೆಷಿನ್ ಮಾತ್ರನಾ?"

"ಅಲ್ಲ..." ಈಗ ಮುಖವೆಲ್ಲ ಕೆಂಪು. "ನೀವೂ ಬರಬೇಕು. ಮದುವೆ ಮಾಡ್ಕೊಂಡು."

ನಿಂತು ನಿಂತು ಕಾಲು ಸೋತಿತ್ತು. ಇನ್ನು ಮೆಟ್ಟಿಲು ಹತ್ತಲಾರೆ ಅನ್ನಿಸಿತು. ನಿಜ ಹೇಳಬೇಕೆಂದರೆ, ಹತ್ತೋಕೆ ಮನಸ್ಸೇ ಇರಲಿಲ್ಲ. ಮಂಚದ ತುದಿಗೆ ಕೂತೆ.

"ಹಾಗಾದ್ರೆ ಈ ಮಂಚನ ಆ ಕಡೆ ಸರಿಸಿ," ಅಂದೆ. "ನನಗೆ ಹೊಲಿಯೋಕೆ ಬೆಳಕು ಬೇಕು."